ಮನೆಯ ಮಾತು ಹೊರಗೆ ಹೋದ ದಾರಿ

ನಮ್ಮ ಡಿಪೋದಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಎದುರಿಗೆ ‘ಮೇಡಂ’, ಬೆನ್ನ ಹಿಂದೆ ‘ಚೆಕಿಂಗ್’. ಬಸ್ಸು ತಿರುವಿನಲ್ಲಿ ಸ್ವಲ್ಪ ನಿಧಾನವಾದರೆ ಸಾಕು, ಎಲ್ಲಿದ್ದರೋ ಏನೋ, ಹಿಂದಿನ ಬಾಗಿಲಿನಿಂದ ಹತ್ತಿಬಿಡುತ್ತಿದ್ದರು. ಟಿಕೆಟ್ ಕೇಳುವಾಗ ಪ್ರಯಾಣಿಕರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. “ಮುಖ ಸುಳ್ಳು ಹೇಳೋದು ಕಲಿತುಬಿಟ್ಟಿರತ್ತೆ. ಕೈಗೆ ಇನ್ನೂ ಬಂದಿರಲ್ಲ” ಎಂದು ನನ್ನಂಥ ಹೊಸ ಕಂಡಕ್ಟರುಗಳಿಗೆ ಪಾಠ ಹೇಳುತ್ತಿದ್ದರು. ಪಾಠ ಹೇಳುವಾಗಲೂ ಅವರ ಕಣ್ಣು ನಮ್ಮ ಚೀಲದ ಮೇಲೇ ಇರುತ್ತಿತ್ತು.

ಅಂಥವರು ಒಂದು ದಿನ ಬಸ್ಸಿನ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡರು. ಡಾಕ್ಟರು ತಿಂಗಳುಗಟ್ಟಲೆ ಮನೆಯಲ್ಲೇ ಇರಬೇಕೆಂದರು. ಮನೆಯಲ್ಲಿ ಚೆಕ್ ಮಾಡಲು ಇದ್ದವರು ಇಬ್ಬರೇ: ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ, ಮೆಲುಮಾತಿನ ಗಂಡ, ಹಲ್ಲಿಗೂ ಕಿವಿಗೂ ವಯಸ್ಸಾಗಿದ್ದರೂ ನಾಲಿಗೆಗೆ ವಯಸ್ಸಾಗದ ಅತ್ತೆ. ವಾರ ಕಳೆಯುವಷ್ಟರಲ್ಲಿ ಇಬ್ಬರೂ ಸುಸ್ತಾದರು. ಫೋನಿನಲ್ಲಿ ಯಾರು, ಬಾಗಿಲು ತಟ್ಟಿದ್ದು ಯಾರು, ಹಾಲು ಯಾಕೆ ತೆಳ್ಳಗಿದೆ, ಅಂಗಡಿ ಮುಚ್ಚಿದ ಮೇಲೆ ಮನೆಗೆ ಬರಲು ಇಷ್ಟು ಹೊತ್ತು ಯಾಕಾಯಿತು.

ಮದುವೆ, ಸಭೆಗಳಿಗೆ ಮೈಕು, ಸ್ಪೀಕರು ಹಾಕಿಸುವುದು ಮೇಡಂ ಅವರ ತಮ್ಮನ ಕಸುಬು. ಭಾವನ ಸ್ಥಿತಿ ನೋಡಿ ಕನಿಕರಪಟ್ಟು, ತನ್ನ ಹಳೆಯ ವಿಡಿಯೋ ಗೇಮ್ ಕನ್ಸೋಲನ್ನು ತಂದು ಅಕ್ಕನ ಟಿ.ವಿ.ಗೆ ಸಿಕ್ಕಿಸಿಕೊಟ್ಟ. ಅದರಲ್ಲಿ ಬಸ್ಸು ಓಡಿಸುವ ಆಟವೊಂದಿತ್ತು. ಎಲ್ಲೆಲ್ಲಿಯೋ ಇರುವ ಆಟಗಾರರು ಇಂಟರ್ನೆಟ್ಟಿನ ಮೂಲಕ ಒಂದೇ ರಸ್ತೆಗೆ ಬಂದು, ಸಾಲಾಗಿ ಬಸ್ಸು ಓಡಿಸುತ್ತಾ, ಹೆಡ್‌ಫೋನಿನಲ್ಲಿ ಹರಟೆ ಹೊಡೆಯುವುದು. ಉಳಿದವರಿಗೆ ಅದು ರೇಸು. ಇವರಿಗೆ ಡ್ಯೂಟಿ.

“ಏಯ್ ನೀಲಿ ಬಸ್ಸು! ಸ್ಟಾಪಲ್ಲಿ ಮುದುಕಿ ನಿಂತಿರೋದು ಕಾಣಿಸಲ್ವಾ? ನಿನ್ನ ಹೆತ್ತವಳು ನಿಂತಿದ್ರೂ ಹೀಗೇ ಹೋಗ್ತಿದ್ಯಾ?”

ನೀಲಿ ಬಸ್ಸು ಓಡಿಸುತ್ತಿದ್ದವಳು ಯಾವುದೋ ದೂರದೂರಿನ ನರ್ಸು. ನಕ್ಕು ನಕ್ಕು ಬಸ್ಸನ್ನು ಕಂಬಕ್ಕೆ ಗುದ್ದಿಸಿದಳಂತೆ. ಮರುದಿನ ಬೈಸಿಕೊಳ್ಳಲೆಂದೇ ನಾಲ್ಕು ಜನರನ್ನು ಕರೆತಂದಳು. ತಮ್ಮ ಇದನ್ನು ಕಂಡು, ಆಟ ಆಡುವಾಗ ಬೇರೆಯವರೂ ನೋಡಿ ಕೇಳುವಂತೆ ಲೈವ್ ಹಾಕಿಕೊಟ್ಟ. ಬರಬರುತ್ತಾ ಒಂದು ಬಸ್ಸು ತುಂಬುವಷ್ಟು ಜನ ಸೇರಿದರು.

ಆಗ ಶುರುವಾಯಿತು ತೊಂದರೆ. ಸಂಜೆ ಹೊತ್ತು ಆಟ ರಂಗೇರಿದಾಗಲೇ ಚಿತ್ರ ಗಕ್ಕನೆ ನಿಲ್ಲುತ್ತಿತ್ತು. ಮತ್ತೆ ಚಲಿಸುವಷ್ಟರಲ್ಲಿ ಇವರ ಬಸ್ಸು ಕೆರೆಯಲ್ಲಿ.

ತಮ್ಮನಿಗೆ ಫೋನು ಮಾಡಿದರೆ, “ರೂಟರ್ ಆರಿಸಿ ಮತ್ತೆ ಹಾಕು, ಸರಿಹೋಗತ್ತೆ” ಎಂದ. ಸರಿಹೋಯಿತು. ಮರುದಿನ ಸಂಜೆ ಮತ್ತೆ ಕೆರೆ. ಮೇಡಂ ಹೆಡ್‌ಫೋನು ಒಂದು ಕಿವಿಯಿಂದ ಸರಿಸಿ ಮನೆಯ ಸದ್ದು ಕೇಳತೊಡಗಿದರು. ಸಿಕ್ಕಿತು. ಮೇಲಿನ ಮನೆಯ ಬಾಡಿಗೆಯವನು ಮೆಟ್ಟಿಲು ಹತ್ತಿ ಹೋದ ಸ್ವಲ್ಪ ಹೊತ್ತಿಗೇ ಚಿತ್ರ ನಿಲ್ಲುತ್ತಿತ್ತು! ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ, ತಲೆ ತಗ್ಗಿಸಿಯೇ ಓಡಾಡುವ ಒಂಟಿ ಮನುಷ್ಯ. ಮನೆಗೆ ಬಂದ ಹೊಸದರಲ್ಲಿ, ತನ್ನ ಫೋನಿಗೆ ಸಿಗ್ನಲ್ ಇಲ್ಲವೆಂದು ಒಂದೇ ಒಂದು ಸಲ ವೈಫೈ ಪಾಸ್‌ವರ್ಡ್ ಕೇಳಿದ್ದ. ಅಷ್ಟು ಸಾಕಲ್ಲ.

ಪಾಸ್‌ವರ್ಡ್ ಬದಲಾಯಿಸಿದರು. ಗಂಡನಿಗೂ ಹೇಳಲಿಲ್ಲ. ಆದರೂ ಸಂಜೆ ಬಸ್ಸು ಕೆರೆಗೇ ಹೋಯಿತು. ಹಾಗಾದರೆ ಯಾರೋ ಒಳಗಿನವರೇ ರೂಟರ್ ಮುಟ್ಟುತ್ತಿದ್ದಾರೆ ಎಂದುಕೊಂಡು, ಅದನ್ನು ಮಲಗುವ ಕೋಣೆಯ ಉಕ್ಕಿನ ಬೀರುವಿನೊಳಗೆ ಇಟ್ಟು, ವೈರು ಮಾತ್ರ ಬಾಗಿಲ ಸಂದಿಯಿಂದ ಹೊರಬಿಟ್ಟು, ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವತ್ತಿನಿಂದ ಬೆಳಿಗ್ಗೆಯೂ ಆಟ ತಡವರಿಸತೊಡಗಿತು.

“ನೋಡಿದ್ರಾ? ಕಳ್ಳನಿಗೆ ಧೈರ್ಯ ಬಂದಿದೆ” ಎಂದರು ಗಂಡನಿಗೆ.

ಗಂಡ ಕನ್ನಡಕ ಒರೆಸಿಕೊಂಡು, “ಹ್ಞೂಂ” ಎಂದರು. ಆ ‘ಹ್ಞೂಂ’ ಕೂಡ ಮೇಡಂಗೆ ಸರಿ ಕಾಣಲಿಲ್ಲ.

ಒಂದು ಸಂಜೆ ಊರುಗೋಲು ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತು ಬಾಡಿಗೆಯವನನ್ನು ಕೂಗಿದರು. ಅವನು ಇಳಿದು ಬಂದ.

“ಎಲ್ಲಿ, ಫೋನು ಕೊಡಿ.”

“ತಗೊಳ್ಳಿ ಆಂಟಿ. ನಿಮ್ಮ ವೈಫೈ ನನಗೆ ಹತ್ತೋದೇ ಇಲ್ಲ. ಬೇರೆ ಸಿಮ್ ತಗೊಂಡು ನನ್ನದೇ ಕರೆನ್ಸಿ ಹಾಕಿಸ್ಕೊಂಡಿದೀನಿ.”

ನಿಜವೇ ಇತ್ತು. ಮೇಡಂ ಫೋನು ಹಿಂದಿರುಗಿಸುತ್ತಾ ಅವನ ಕೈ ನೋಡಿದರು. ಒಂದಿಷ್ಟೂ ನಡುಗುತ್ತಿರಲಿಲ್ಲ. “ಅದೇ ನನಗೆ ಅನುಮಾನ ತಂದಿದ್ದು” ಎಂದು ಆಮೇಲೆ ನನಗೆ ಹೇಳಿದರು. “ತಪ್ಪಿಲ್ಲದವನ ಕೈ ನನ್ನೆದುರು ಅಷ್ಟು ನೆಟ್ಟಗಿರಲ್ಲ.”

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮುಂದಿನದು ಕೇಳಿ. ಒಂದು ದಿನ ಆಟದ ನಡುವೆ ನೀಲಿ ಬಸ್ಸಿನ ನರ್ಸು ಕೇಳಿದಳು: “ನಿಮ್ಮ ಅತ್ತೆಗೆ ಹಲ್ಲುನೋವು ಹೇಗಿದೆ ಮೇಡಂ? ಲವಂಗ ಇಟ್ಕೊಂಡು ಎಷ್ಟು ದಿನ ತಳ್ತಾರೆ? ಕೀಳಿಸಿಬಿಡಿ.”

ಮೇಡಂ ಗಾಡಿ ಬದಿಗೆ ಹಾಕಿ ನಿಲ್ಲಿಸಿದರು. ಅತ್ತೆಯ ಹಲ್ಲಿನ ಸುದ್ದಿ ಈ ಗೋಡೆ ದಾಟಿ ಹೋಗಲು ಕಾರಣವೇ ಇರಲಿಲ್ಲ. ಎರಡು ದಿನ ಬಿಟ್ಟು ಲೈವ್ ನೋಡುವ ಇನ್ನೊಬ್ಬ, “ಮೇಲಿನ ಮನೆ ಕಳ್ಳ ಸಿಕ್ಕಿದ್ನಾ?” ಎಂದು ಬರೆದ. ಇದನ್ನೂ ಇವರು ಆಟದಲ್ಲಿ ಬಾಯಿ ಬಿಟ್ಟಿರಲಿಲ್ಲ. ಮನೆಯವರ ಹತ್ತಿರ ಮಾತಾಡುವಾಗೆಲ್ಲ ಹೆಡ್‌ಫೋನಿನ ಮೈಕಿನ ಕಡ್ಡಿಯನ್ನು ಮೇಲಕ್ಕೆ ಮಡಚುತ್ತಿದ್ದರು. ಹಾಗೆ ಮಡಚಿದರೆ ದನಿ ಹೋಗುವುದಿಲ್ಲವೆಂದು ತಮ್ಮನೇ ಹೇಳಿಕೊಟ್ಟಿದ್ದ.

ಹಾಗಾದರೆ ಮನೆಯಲ್ಲೇ ಯಾರೋ ಬೇಹುಗಾರರಿದ್ದಾರೆ. ಗಂಡ ಅಂಗಡಿಯಲ್ಲಿ ಗಿರಾಕಿಗಳ ಹತ್ತಿರ ಹೇಳುತ್ತಾರೋ? ಅತ್ತೆ ಫೋನಿನಲ್ಲಿ ಮಗಳಿಗೆ ಹೇಳಿ, ಅವಳು ಊರಿಗೆಲ್ಲ ಸಾರುತ್ತಾಳೋ?

ಮೇಡಂ ಬಲೆ ಹಾಕಿದರು. ಗಂಡ ಸೋಫಾದ ಬಳಿ ಬಂದಾಗ ಮೈಕು ಮಡಚಿ, “ರೀ, ಸ್ಕೂಟರ್ ಮಾರಿಬಿಡೋಣ ಅಂತಿದೀನಿ. ಯಾರಿಗೂ ಹೇಳಬೇಡಿ” ಎಂದರು. ಅತ್ತೆ ಟೀ ತಂದಿಟ್ಟಾಗ, “ಅತ್ತೆ, ಅಡುಗೆಮನೆಗೆ ಪಾಚಿ ಹಸಿರು ಬಣ್ಣ ಹೊಡೆಸೋಣ. ನಿಮ್ಮ ಮಗನಿಗೂ ಹೇಳಬೇಡಿ” ಎಂದರು. ಎರಡೂ ಅಪ್ಪಟ ಸುಳ್ಳು. ಯಾವುದು ಹೊರಗೆ ಬರುತ್ತದೋ ಅದನ್ನು ಕೇಳಿಸಿಕೊಂಡವರೇ ಕಳ್ಳರು.

ಮಾರನೆಯ ದಿನ ಎರಡೂ ಬಂದವು.

‘ಸ್ಕೂಟರ್ ಮಾರಬೇಡಿ ಮೇಡಂ, ಕಾಲು ವಾಸಿಯಾದ ಮೇಲೆ ಬೇಕಾಗತ್ತೆ’ ಎಂದೊಬ್ಬ. ‘ಪಾಚಿ ಹಸಿರು ಖಂಡಿತ ಬೇಡ, ಅಡುಗೆಮನೆ ಬಾವಿ ಥರ ಕಾಣತ್ತೆ’ ಎಂದು ಇನ್ನೊಬ್ಬ.

ಮೇಡಂ ಆಟ ನಿಲ್ಲಿಸಿ ಇಬ್ಬರನ್ನೂ ಕೂರಿಸಿ ವಿಚಾರಣೆ ಶುರುಮಾಡಿದರು.

“ನಾನು ಯಾರಿಗೂ ಹೇಳಿಲ್ಲ ಕಣೇ. ಮರೆತೇಬಿಟ್ಟಿದ್ದೆ” ಎಂದರು ಗಂಡ.

“ಅದು ಹೇಗೆ ಮರೀತೀರಿ? ನಿಮ್ಮ ಸ್ಕೂಟರ್ ತಾನೇ?”

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ, “ನನ್ನ ಹಲ್ಲು ಹುಳುಕು ಅಂತ ನಾನೇ ಡಂಗುರ ಹೊಡ್ಕೊಂಡು ಬರ್ತೀನಾ? ಇಷ್ಟು ವರ್ಷ ನಿನ್ನ ಜೊತೆ ಒಂದೇ ಒಲೆಯಲ್ಲಿ ಬೇಯಿಸಿದೀನಿ. ಇವತ್ತು ನಾನು ಚಾಡಿಕೋರಳಾದೆ” ಎಂದು ತಮ್ಮ ಕುರ್ಚಿಯನ್ನು ಎಳೆದುಕೊಂಡು ಹಿತ್ತಲಿಗೆ ಹೋದರು. ಅಂದಿನಿಂದ ಟೀ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಗಂಡ ಅಂಗಡಿಯಿಂದ ಇನ್ನಷ್ಟು ತಡವಾಗಿ ಬರತೊಡಗಿದರು.

ಕೊನೆಗೆ ಮೇಡಂ ತಮ್ಮನನ್ನೇ ಕರೆಸಿದರು. “ಬಂದು ಕಳ್ಳನ್ನ ಹಿಡಿದುಕೊಡು.”

ತಮ್ಮ ಬೀರು ತೆಗೆಸಿ, ಸೀರೆಗಳ ಮೇಲೆ ಮಿಣುಕುತ್ತಾ ಕೂತಿದ್ದ ರೂಟರನ್ನು ನೋಡಿ ಗೋಡೆ ಹಿಡಿದುಕೊಂಡು ನಕ್ಕ. “ಅಕ್ಕಾ, ಉಕ್ಕಿನ ಬೀರುವಿನೊಳಗೆ ಇಟ್ಟರೆ ವೈಫೈ ಎಲ್ಲಿಂದ ಹೊರಗೆ ಬರತ್ತೆ? ಬೆಳಿಗ್ಗೆ ತೊಂದರೆ ಕೊಟ್ಟ ಕಳ್ಳ ನೀನೇ.”

“ಸರಿ, ಸಂಜೆಯವನು ಯಾರು? ಅದು ಮುಂಚಿನಿಂದ ಇತ್ತಲ್ಲ.”

ರೂಟರನ್ನು ಹಜಾರದ ಹಳೇ ಜಾಗಕ್ಕೆ ಇಟ್ಟು ಇಬ್ಬರೂ ಕಾದು ಕೂತರು. ಮೇಲಿನವನು ಮೆಟ್ಟಿಲು ಹತ್ತಿದ. ಆಟ ನಿಲ್ಲಲಿಲ್ಲ. ಅವನ ಹಿಂದೆಯೇ ಗಂಡ ಬಂದರು, ಚಪ್ಪಲಿ ಬಿಟ್ಟರು, ಕೈಕಾಲು ತೊಳೆದರು, ಅಡುಗೆಮನೆಗೆ ಹೋದರು. ಆಟ ನಿಂತಿತು.

ತಮ್ಮ ಎದ್ದು ಹೋಗಿ ನೋಡಿದ. ಭಾವ ಆರಿಹೋದ ಟೀಯನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡುತ್ತಿದ್ದರು. ಗೋಡೆಯ ಆ ಕಡೆ ಅದು, ಈ ಕಡೆ ರೂಟರ್. “ಭಾವ, ಇನ್ನೊಂದ್ಸಲ ಹಾಕಿ. ಈಗ ಆರಿಸಿ. ಮತ್ತೆ ಹಾಕಿ.” ಹಾಕಿದಾಗೆಲ್ಲ ಚಿತ್ರ ಕಲ್ಲಾಗುತ್ತಿತ್ತು, ಆರಿಸಿದರೆ ಚಲಿಸುತ್ತಿತ್ತು.

“ನೀವೇ!” ಎಂದರು ಮೇಡಂ.

“ನಾನು ಟೀ ಕುಡಿಯೋದೂ ತಪ್ಪಾ?” ಎಂದು ಗಂಡ ಲೋಟ ಹಿಡಿದು ನಿಂತರು.

“ತಪ್ಪು ಯಾರದ್ದೂ ಅಲ್ಲ. ಇದು ಉರಿಯುವಾಗ ನಿಮ್ಮ ವೈಫೈ ಗಾಳಿಯನ್ನು ಕದಡತ್ತೆ” ಎಂದ ತಮ್ಮ. ರೂಟರಿನಿಂದ ಕನ್ಸೋಲಿಗೆ ಗೋಡೆಯುದ್ದಕ್ಕೂ ಒಂದು ಕೇಬಲ್ ಎಳೆದು ಮೊಳೆ ಹೊಡೆದ. ಗಾಳಿಯ ಗೊಡವೆಯೇ ಇಲ್ಲದೆ ಆಟ ವೈರಿನಲ್ಲಿ ಸಲೀಸಾಗಿ ಓಡಿತು.

ಉಳಿದದ್ದು ಚಾಡಿಯ ಪ್ರಶ್ನೆ. ತಮ್ಮ ಲೈವ್ ಹೇಗೆ ಕೇಳಿಸುತ್ತದೆ ನೋಡುತ್ತೇನೆಂದು ತನ್ನ ಫೋನು ಕಿವಿಗಿಟ್ಟುಕೊಂಡು ಬೀದಿಗೆ ಹೋದ. ಒಳಗೆ ಮೇಡಂ ಮೈಕು ಮಡಚಿ ಗಂಡನ ಹತ್ತಿರ ಏನೋ ಪಿಸುಗುಟ್ಟಿದರು. ತಮ್ಮ ವಾಪಸು ಬಂದಾಗ ಅವನ ಮುಖದಲ್ಲಿ ನಗು ಇರಲಿಲ್ಲ.

“ಅಕ್ಕಾ, ಈಗ ಭಾವನಿಗೆ ಏನಂದೆ?”

“ಏನೂ ಇಲ್ಲವಲ್ಲ.”

“‘ಇವನೂ ಆ ಲೈವ್‌ನವರ ಜೊತೆ ಸೇರ್ಕೊಂಡಿದಾನೋ ಏನೋ, ನಗೋದು ನೋಡಿದ್ರೆ ಅನುಮಾನ’ ಅಂದೆ. ಬೀದಿ ಕೊನೆಯಲ್ಲಿ ನಿಂತು ಕೇಳಿಸ್ಕೊಂಡೆ.”

ಹೆಡ್‌ಫೋನು ತಿರುಗಿಸಿ ನೋಡಿದ. ಅದರ ಮೈಕಿನ ವೈರು ಬುಡದಲ್ಲೇ ಕಡಿದು ಎಷ್ಟು ಕಾಲವಾಗಿತ್ತೋ. ಆಟಕ್ಕೆ ಹಿಡಿಯುವ ಕಂಟ್ರೋಲರಿನ ಹೊಟ್ಟೆಯಲ್ಲೇ ಇನ್ನೊಂದು ಪುಟ್ಟ ಮೈಕಿತ್ತು. ಮೊದಲ ದಿನದಿಂದಲೂ ಕನ್ಸೋಲು ದನಿಯನ್ನು ಅದರಿಂದಲೇ ತೆಗೆದುಕೊಳ್ಳುತ್ತಿತ್ತು. ಮೇಡಂ ಹೆಡ್‌ಫೋನಿನ ಸತ್ತ ಕಡ್ಡಿಯನ್ನು ಮಡಚುತ್ತಾ ಗುಟ್ಟು ಕಾಯುತ್ತಿದ್ದರು. ಕಂಟ್ರೋಲರು ಸೋಫಾದ ಕೈ ಮೇಲೆ ಮಲಗಿ ಎಲ್ಲವನ್ನೂ ಕೇಳುತ್ತಿತ್ತು. ಸಾಲದ್ದಕ್ಕೆ, ಟಿ.ವಿ. ಆರಿಸಿದರೆ ಎಲ್ಲ ಆರಿತು ಎಂದುಕೊಂಡಿದ್ದರು. ಟಿ.ವಿ. ಮಾತ್ರ ಆರುತ್ತಿತ್ತು. ಲೈವ್ ಎಷ್ಟೋ ಮಧ್ಯಾಹ್ನ ಹಾಗೇ ಓಡಿತ್ತು. ಕೇಳುವವರು ಅದನ್ನೂ ರೇಡಿಯೋ ನಾಟಕದ ಹಾಗೆ ಕೇಳುತ್ತಿದ್ದರು. “ನಿಮಗೆ ಗೊತ್ತಿದ್ದೇ ಮಾಡ್ತಿದೀರಿ ಅಂದ್ಕೊಂಡಿದ್ವಿ ಮೇಡಂ” ಎಂದು ನರ್ಸು ಆಮೇಲೆ ಹೇಳಿದಳು.

“ಹಾಗಾದ್ರೆ ನೀನು ಹಾಕಿಕೊಟ್ಟಿದ್ದೇ ಸರಿಯಿಲ್ಲ” ಎಂದರು ಮೇಡಂ ತಮ್ಮನಿಗೆ. ಅವನೂ ಒಪ್ಪಿಕೊಂಡ. ಅಕ್ಕನ ಮನೆ ಎಂದು ಪರೀಕ್ಷೆ ಮಾಡದೆ ಹೋಗಿದ್ದನಂತೆ. ಅವನು ಲೈವಿಗೆ ಬೇರೆ ಮೈಕು ಹಾಕಿ, ಕಂಟ್ರೋಲರಿನ ಮೈಕು ಮುಚ್ಚಿಸಿ ಹೋದ.

ಹಳೆಯ ಲೈವ್‌ಗಳೆಲ್ಲ ರೆಕಾರ್ಡಾಗಿ ಉಳಿದಿದ್ದವು. ಅಳಿಸುವ ಮುಂಚೆ ಏನೇನು ಹೋಗಿದೆ ನೋಡೋಣವೆಂದು ಮೇಡಂ ಮರುದಿನ ಮಧ್ಯಾಹ್ನ ಒಬ್ಬರೇ ಕೂತು ಕೇಳಿದರು. ಬೇರೆಯವರು ತಮ್ಮ ಬಗ್ಗೆ ಏನಂದಿದ್ದಾರೆ ಎಂದು ಹುಡುಕುತ್ತಿದ್ದವರಿಗೆ ಸಿಕ್ಕಿದ್ದು ಹೆಚ್ಚಾಗಿ ತಮ್ಮದೇ ದನಿ. ‘ಯಾರದು?’ ‘ಯಾಕೆ?’ ‘ಎಲ್ಲಿಗೆ?’ ‘ಏನದು ಕೈಯಲ್ಲಿ?’ ನಡುನಡುವೆ ಅತ್ತೆಯ ಸಣ್ಣ ಉತ್ತರಗಳು.

ಒಂದು ಕಡೆ ಇವರು ನಿದ್ದೆಹೋಗಿರಬೇಕು. ಗಂಡನ ಪಿಸುದನಿ: “ಅಮ್ಮಾ, ಅವಳು ಎದ್ದಿದಾಳಾ?”

ಅತ್ತೆಯದು: “ಇಲ್ಲ. ಎಲ್ಲಿಗೆ ಹೋಗಿದ್ದೆ ಇಷ್ಟು ಹೊತ್ತು?”

“ಪಾರ್ಕಲ್ಲಿ ಸುಮ್ನೆ ಕೂತಿದ್ದೆ.”

“ಕೇಳಿದ್ರೆ ಔಷಧಿ ಅಂಗಡಿ ಅನ್ನು. ಸುಮ್ನೆ ಕೂತಿದ್ದೆ ಅಂದ್ರೆ ಅದಕ್ಕೆ ನೂರು ಪ್ರಶ್ನೆ ಬರತ್ತೆ.”

ಮೇಡಂ ಅದನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳಿದರು. “ನನ್ನ ಅನುಮಾನ ನಿಜ ಆಗಿತ್ತು ನೋಡಿ” ಎಂದರು ನನಗೆ, ಕ್ಯಾಂಟೀನಿನಲ್ಲಿ. “ಇಬ್ಬರೂ ಸೇರಿ ನನಗೆ ಸುಳ್ಳು ಹೇಳ್ತಿದ್ರು. ಸುಳ್ಳು ಏನಂತ ಗೊತ್ತಾದ ಮೇಲೆ ಮಾತ್ರ ಹಿಡಿದೆ ಅಂತ ಖುಷಿ ಆಗಲಿಲ್ಲ.”

ಎಲ್ಲ ಅಳಿಸಿ, ಊರುಗೋಲು ಊರಿಕೊಂಡು ಹಿತ್ತಲಿಗೆ ಹೋದರು. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಬಾಯಿ.

“ಅತ್ತೆ, ಮಾತು ಹೊರಗೆ ಹೋಗಿದ್ದು ನನ್ನಿಂದಲೇ. ಆ ಆಟದ ಸಾಮಾನಲ್ಲಿ ಮೈಕಿತ್ತು.”

ಅತ್ತೆ ತಲೆ ಎತ್ತಲಿಲ್ಲ. “ಎಷ್ಟು ಜನ ಕೇಳಿದಾರೆ?”

“ಒಂದು ಬಸ್ಸು ತುಂಬ.”

“ನಿಂತವರೂ ಸೇರಿನಾ?”

“ಹ್ಞೂಂ.”

ಅತ್ತೆ ನೋಯುವ ಕೆನ್ನೆ ಒತ್ತಿಕೊಂಡು, “ಹಲ್ಲು ಕೀಳಿಸೋದೇ ಒಳ್ಳೇದು ಅಂದ್ಲಾ ಆ ನರ್ಸು?” ಎಂದರು. ಕುರ್ಚಿ ಸಂಜೆಗೆ ಒಳಗೆ ಬಂತು.

ಗಂಡನಿಗೆ ಮೇಡಂ, “ಕಾಲು ವಾಸಿಯಾದ ಮೇಲೆ ನಾನೂ ಪಾರ್ಕಿಗೆ ಬರ್ತೀನಿ” ಎಂದರೆ ಅವರು ಹೌಹಾರಿ, “ಯಾಕೆ, ಅಲ್ಲೂ ಚೆಕಿಂಗಾ?” ಎಂದರಂತೆ. ಬಾಡಿಗೆಯವನಿಗೆ ಹೊಸ ಪಾಸ್‌ವರ್ಡನ್ನು ತಾವಾಗಿಯೇ ಹೇಳಿದರು. ಇದರಲ್ಲಿ ಏನೋ ಕುತಂತ್ರವಿದೆ ಎಂದು ಅವನು ಇವತ್ತಿಗೂ ಬಳಸಿಲ್ಲ.

ಮೇಡಂ ಈಗ ಮತ್ತೆ ಡ್ಯೂಟಿಗೆ ಬರುತ್ತಿದ್ದಾರೆ. ಹಿಂದಿನ ಬಾಗಿಲಿನಿಂದಲೇ ಹತ್ತುತ್ತಾರೆ, ಸ್ವಲ್ಪ ನಿಧಾನವಾಗಿ. ರಜೆಯ ದಿನ ಲೈವ್ ಇರುತ್ತದೆ. ಅತ್ತೆ ಎಲ್ಲಿ, ಅತ್ತೆ ಎಲ್ಲಿ ಎಂದು ಜನ ಪೀಡಿಸಿದ್ದಕ್ಕೆ ಒಂದು ದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರಂತೆ. ಅತ್ತೆ ಹೆಡ್‌ಫೋನು ಹಾಕಿಕೊಂಡು, ಟಿ.ವಿ.ಯೊಳಗಿನ ಬಸ್ಸುಗಳನ್ನು ಕಣ್ಣು ಕಿರಿದು ಮಾಡಿ ನೋಡಿ, ಒಬ್ಬೊಬ್ಬರನ್ನೇ ಕೇಳತೊಡಗಿದರು: ನೀನು ಯಾರ ಮಗ, ಏನು ಕೆಲಸ, ಈ ಹೊತ್ತಲ್ಲಿ ಆಟ ಆಡ್ತಾ ಕೂತಿದೀಯಲ್ಲ, ಮನೇಲಿ ಏನೂ ಅನ್ನಲ್ವಾ? ಒಬ್ಬ ತಾನು ಪೈಲಟ್ ಎಂದ.

ಅತ್ತೆ ಹೊಸ ಮೈಕಿಗೆ ಅಂಗೈ ಅಡ್ಡ ಹಿಡಿದು ಸೊಸೆಯ ಕಡೆ ವಾಲಿದರು. “ಇವನ ಮಾತು ನಂಬಬೇಡ ಕಣೇ. ಪೈಲಟ್ ಆಗಿದ್ರೆ ಬಸ್ಸು ಯಾಕೆ ಓಡಿಸ್ತಿದ್ದ?”