ಸಣ್ಣ ಹಳದಿ ವಿಮಾನ

ವಾಡಿಯಲ್ಲಿ ನಮಗೆ ಸಿಕ್ಕಿದ್ದ ರೈಲ್ವೆ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಸಣ್ಣ ಅಂಗಳ. ಮುಂದಿನ ಕೋಣೆಯ ಕಿಟಕಿಯ ಕೆಳಗೆ ನನ್ನ ಮೇಜು. ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತನಾಗಿದ್ದ ನಾನು ಡ್ಯೂಟಿ ಮುಗಿಸಿ ಬಂದು, ಕೈಕಾಲು ತೊಳೆದು, ಚಹಾ ಕುಡಿದು ಆ ಮೇಜಿಗೆ ಕೂತರೆ ದೀಪ ಹಚ್ಚುವ ಹೊತ್ತಿನವರೆಗೂ ಏಳುತ್ತಿರಲಿಲ್ಲ. ಅಲ್ಲಿ ನಾನು ವಿಮಾನ ಮಾಡುತ್ತಿದ್ದೆ. ನಿಜವಾದ ವಿಮಾನವನ್ನೇ ಅಳತೆ ತಪ್ಪದ ಹಾಗೆ ಗೇಣುದ್ದಕ್ಕೆ ಇಳಿಸಿ, ಪ್ಲಾಸ್ಟಿಕ್ಕಿನ ತುಂಡುಗಳಾಗಿ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಅದಕ್ಕೆ ಕಿಟ್ ಅನ್ನುತ್ತಾರೆ. ತುಂಡುಗಳನ್ನು ಚೌಕಟ್ಟಿನಿಂದ ಕತ್ತರಿಸಬೇಕು, ಅಂಚು ಉಜ್ಜಬೇಕು, ಅಂಟಿಸಬೇಕು, ಬಣ್ಣ ಹಚ್ಚಬೇಕು. ಮದುವೆಗೆ ಮುಂಚೆ ಒಂದು ಪರೀಕ್ಷೆ ಬರೆಯಲು ಸಿಕಂದರಾಬಾದಿಗೆ ಹೋದಾಗ ಅಂಗಡಿಯ ಗಾಜಿನ ಹಿಂದೆ ಅಂಥದ್ದೊಂದನ್ನು ನೋಡಿದ್ದೆ. ಪರೀಕ್ಷೆಯಲ್ಲಿ ಏನು ಬರೆದೆನೋ ನೆನಪಿಲ್ಲ, ಆ ವಿಮಾನದ ಚಕ್ರದ ಮೇಲಿನ ಗೆರೆಗಳು ನೆನಪಿವೆ.

ಹತ್ತಾರು ವರ್ಷ ಸಂತೋಷದಿಂದ ಮಾಡಿದೆ. ಆಮೇಲೆ ನಾಲ್ಕು ಎಂಜಿನ್ನಿನ ದೊಡ್ಡ ವಿಮಾನವೊಂದಕ್ಕೆ ಕೈ ಹಾಕಿದೆ. ಬೇಸಿಗೆಯಲ್ಲಿ ಅದರ ಎಡ ರೆಕ್ಕೆ ಕಿಟಕಿಯ ಬಿಸಿಲಿಗೆ ಸೊಟ್ಟಗಾಯಿತು. ಬಿಸಿನೀರಲ್ಲಿ ಅದ್ದಿ ತಿದ್ದಿದೆ, ಸಂದಿಗೆ ಪುಟ್ಟಿ ತುಂಬಿದೆ, ಉಜ್ಜಿದೆ, ಮತ್ತೆ ಬಿರುಕು ಬಿಟ್ಟಿತು. ಮತ್ತೆ ತುಂಬಿದೆ, ಮತ್ತೆ ಬಿಟ್ಟಿತು. ಒಂದು ದಿನ ಅದನ್ನು ಹಳೆ ಪಂಚೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟೆ. ಇವತ್ತು ಬೇಡ, ನಾಳೆ ನೋಡೋಣ ಅಂದುಕೊಂಡೆ. ಆ ನಾಳೆ ಮೂರು ಬೇಸಿಗೆ ಕಳೆದರೂ ಬರಲಿಲ್ಲ.

ಬಿಟ್ಟದ್ದು ಒಂದು ವಿಮಾನವನ್ನಷ್ಟೇ ಎಂದು ನಾನು ತಿಳಿದಿದ್ದೆ. ಆದರೆ ಸಂಜೆಗಳೇ ನನ್ನಿಂದ ಹೋಗಿಬಿಟ್ಟಿದ್ದವು. ಬಂದವನು ಮಂಚದ ಮೇಲೆ ಉರುಳುತ್ತಿದ್ದೆ. ರೇಡಿಯೊ ಹಚ್ಚಿ, ಏನು ಹೇಳುತ್ತಿದೆ ಎಂದು ಕೇಳದೆ ಆರಿಸುತ್ತಿದ್ದೆ. ಚಹಾ ಆರಿದೆ, ಪಲ್ಯಕ್ಕೆ ಉಪ್ಪು ಮುಂದಾಗಿದೆ, ಕದ ಕಿರುಗುಡುತ್ತಿದೆ ಎಂದು ತಪ್ಪು ಹುಡುಕುವುದೇ ಉದ್ಯೋಗವಾಯಿತು. ಒಂದು ಗುಂಡಿ ಹೊಲಿಯಲು ಕೂತರೂ ದಾರ ಪೋಣಿಸುವಷ್ಟರಲ್ಲಿ ಸಿಟ್ಟು ಬರುತ್ತಿತ್ತು. ನನ್ನಲ್ಲಿ ಬೇರೇನು ಗುಣವಿತ್ತೋ ಇಲ್ಲವೋ, ತಾಳ್ಮೆ ಒಂದಿತ್ತು. ಅದೂ ಹೋಯಿತೇ ಎಂದು ಹೆದರಿಕೆಯಾಗತೊಡಗಿತು. ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೆ ಹೇಳಬೇಕಾದ ಅಗತ್ಯವೂ ಇರಲಿಲ್ಲ.

"ದೊಡ್ಡದು ಅಲ್ಲೇ ಇರ್ಲಿ," ಅಂದಳು ಒಂದು ಸಂಜೆ ಜೋಳ ಕೇರುತ್ತಾ. "ಒಂದು ಸಣ್ಣದು ತರಸ್ಕೊಂಡು ಕುಂದ್ರಿ. ಭಾಳ ಸಣ್ಣದು. ಮುಗೀತದ ಅನ್ನೂವಂಥಾದ್ದು."

"ಸಣ್ಣದ್ರಾಗ ಏನದ?"

"ಏನೂ ಇಲ್ರಿ. ಅದಕ್ಕೇ ಹೇಳಾಕತ್ತೀನಿ."

ಪಕ್ಕದ ಕ್ವಾರ್ಟರ್ಸಿನಲ್ಲಿ ಮಾಲುಗಾಡಿಯ ಗಾರ್ಡ್ ಇದ್ದರು. ಶಹಾಬಾದಿನ ಹಳೆಯ ಮುಸ್ಲಿಂ ಮನೆತನದವರು. ಅಣ್ಣ ತಮ್ಮಂದಿರೆಲ್ಲ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಕಸುಬಿನಲ್ಲಿದ್ದರೆ ಇವರೊಬ್ಬರೇ ರೈಲು ಹತ್ತಿದ್ದರು. ಗಾಡಿಯ ಜೊತೆ ಸೊಲ್ಲಾಪುರಕ್ಕೆ ಹೋಗಿಬರುವ ಡ್ಯೂಟಿ. ಅಲ್ಲಿನ ಒಂದು ಅಂಗಡಿಗೆ ಬೊಂಬಾಯಿಯ ಆಟದ ಸಾಮಾನು ಬರುತ್ತಿತ್ತು. ನನ್ನ ಹೆಂಡತಿ ಯಾವಾಗ ಹೇಳಿಕಳಿಸಿದಳೋ, ಒಂದು ಮಧ್ಯಾಹ್ನ ಅವರು ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಡಬ್ಬಿಯನ್ನು ತಂದು ನನ್ನ ಮೇಜಿನ ಮೇಲಿಟ್ಟರು.

"ತಗೋರಿ ಬಾಬು. ಅಂಗಡಿಯಾವ ಕೇಳ್ದ, ಮಕ್ಕಳಿಗೇನ್ರಿ ಅಂತ. ಹೌದು, ನಲವತ್ತೈದು ವರ್ಷದ ಕೂಸದ, ಭಾಳ ಹಟ ಮಾಡತದ ಅಂದೆ."

"ಕೂಸು ಆಟ ಬಿಟ್ಟು ಭಾಳ ದಿನಾ ಆಯ್ತು, ಗಾರ್ಡ್ ಸಾಬ್."

"ಅದಕ್ಕೇ ಹಟ ಹೆಚ್ಚಾಗ್ಯದ," ಅಂದರು ಅವರು, ಒಳಗೆ ಅಡುಗೆಮನೆಯ ಕಡೆ ನೋಡಿ. ಒಳಗಿನಿಂದ ನಗು ಕೇಳಿಸಿತು.

ಅದು ಪೈಲಟ್ಟುಗಳಿಗೆ ಹಾರುವುದನ್ನು ಕಲಿಸುವ ಸಣ್ಣ ವಿಮಾನ. ಒಂದೇ ಎಂಜಿನ್, ಹಿಂದೆ ಮುಂದೆ ಎರಡು ಸೀಟು, ಒಳಗೆ ಮಡಚಿಕೊಳ್ಳದ ಚಕ್ರಗಳು. ತುಂಡುಗಳೂ ಕಡಿಮೆ. ಮೊದಲಿನ ನಾನಾಗಿದ್ದರೆ ಒಂದೇ ವಾರದಲ್ಲಿ ಮುಗಿಸಿ ಪಕ್ಕಕ್ಕಿಡುತ್ತಿದ್ದೆ. ಈಗ ಮನಸ್ಸಿನಲ್ಲೇ ಒಂದು ಕರಾರು ಮಾಡಿಕೊಂಡೆ. ದಿನಕ್ಕೆ ಒಂದೇ ಕೆಲಸ. ಅದು ಆದಮೇಲೆ ಏಳುವುದು, ಇನ್ನೂ ಕೂರಬೇಕು ಅನ್ನಿಸಿದರೂ ಏಳುವುದು. ಈ ಸಣ್ಣದೂ ಅರ್ಧಕ್ಕೆ ನಿಂತರೆ ಸಾಮಾನೆಲ್ಲ ಯಾರಿಗಾದರೂ ಕೊಟ್ಟುಬಿಡುವುದು, ಆಮೇಲೆ ಆ ಮೇಜಿನ ಕಡೆ ನೋಡುವುದೂ ಬೇಡ.

ಮೊದಲ ದಿನ ಒಂದು ಚಕ್ರ ಕತ್ತರಿಸಿದೆ. ಹೊಸ ಕನ್ನಡಕ ಮೂಗಿನ ಮೇಲೆ ಜಾರುತ್ತಿತ್ತು. ಬ್ಲೇಡು ಓರೆಯಾಗಿ ಚಕ್ರಕ್ಕೆ ಸಣ್ಣ ಗಾಯವಾಯಿತು. ಎರಡನೆಯ ದಿನ ಆ ಗಾಯ ಉಜ್ಜಿದೆ. ಹುಮ್ಮಸ್ಸು ಬಂತೇ ಅಂದರೆ ಇಲ್ಲ. ಆದರೆ ಬೇಸರವೂ ಬರಲಿಲ್ಲ. ಸೀಟು ಅಂಟಿಸಿದ ದಿನ, ಚಹಾ ಆರಿದ್ದು ಕುಡಿದ ಮೇಲೆ ಗೊತ್ತಾಯಿತು. ಅದನ್ನು ನಾನು ಯಾರಿಗೂ ದೂರಲಿಲ್ಲ.

ವಿಮಾನದ ಮೈಯನ್ನು ಎರಡು ಹೋಳಾಗಿ ಕೊಟ್ಟಿರುತ್ತಾರೆ. ಅವೆರಡನ್ನೂ ಕೂಡಿಸಿದಾಗ ಬೆನ್ನ ಮೇಲೆ ಉದ್ದಕ್ಕೂ ಒಂದು ಸೀಳು ಉಳಿಯುತ್ತದೆ. ಅದನ್ನು ಮಾಯ ಮಾಡುವುದೇ ಕಷ್ಟದ ಕೆಲಸ, ದೊಡ್ಡ ವಿಮಾನದಲ್ಲಿ ನಾನು ಸೋತದ್ದೂ ಅಂಥಲ್ಲೇ. ಗಾರ್ಡ್ ಸಾಬರು ಶಹಾಬಾದಿನಿಂದ ಒಂದು ಕಟ್ಟು ಎಮರಿ ಕಾಗದ ತಂದುಕೊಟ್ಟರು. ಅವರಣ್ಣ ಕಲ್ಲು ಉಜ್ಜಿ ಉಜ್ಜಿ ಸವೆಸಿದ ಕಾಗದ.

"ಹೊಸಾದು ಕಚ್ಚತದ, ಹಳೇದು ಸವರತದ," ಅಂದರು. "ನೀರು ಹಚ್ಚಿ ಉಜ್ಜ್ರಿ. ಗಡಿಬಿಡಿ ಮಾಡಬ್ಯಾಡ್ರಿ. ನಮ್ಮ ಅಣ್ಣ ಫರ್ಸಿ ಉಜ್ಜೂವಾಗ ಮನಿಯಾವರು ಊಟಕ್ಕ ಕರದ್ರೂ ಕೇಳಂಗಿಲ್ಲ."

"ಕೇಳಂಗಿಲ್ಲೋ, ಕೇಳದಂಗ ಇರ್ತಾರೋ?"

"ಅದು ನಮ್ಮ ಅತ್ತಿಗಿಗೆ ಗೊತ್ತು."

ನೀರು ಹಚ್ಚಿ ನಿಧಾನಕ್ಕೆ ಉಜ್ಜಿದೆ. ಹಲವು ಸಂಜೆ ಅದೇ ಕೆಲಸ. ಒಂದು ದಿನ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿದಾಗ ಸೀಳು ಎಲ್ಲಿತ್ತು ಎಂದು ಗೊತ್ತಾಗಲಿಲ್ಲ. ಕಣ್ಣು ತೆರೆದು ಬೆಳಕಿಗೆ ಹಿಡಿದೆ. ಇರಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ. ಏನು ನೋಡಬೇಕು ಎಂದು ಕೇಳಿದಳು. ಏನೂ ಇಲ್ಲ, ಅದನ್ನೇ ನೋಡು ಅಂದೆ.

ಆಮೇಲೆ ಬಣ್ಣ. ವಾಡಿಯಲ್ಲಿ ಬಣ್ಣ ಒಣಗಿಸುವುದು ಸುಲಭವಲ್ಲ. ಸಿಮೆಂಟ್ ಕಾರ್ಖಾನೆಯ ಬೂದು ಧೂಳು ಗಾಳಿ ಬಂದತ್ತ ಬೀಳುತ್ತದೆ. ಒಣಗುವ ಬಟ್ಟೆಯ ಮೇಲೆ, ಎಲೆಯ ಮೇಲೆ, ಕೂತವರ ರೆಪ್ಪೆಯ ಮೇಲೆ. ಬೆಳಿಗ್ಗೆ ಸಂಜೆ ಒದ್ದೆ ಬಟ್ಟೆಯಿಂದ ಒರೆಸುವುದು, ತಿನ್ನುವ ಕುಡಿಯುವ ಎಲ್ಲದಕ್ಕೂ ಮುಚ್ಚಳ ಹಾಕುವುದು ಅಲ್ಲಿಯ ಮನೆಗಳಲ್ಲಿ ಉಸಿರಾಡಿದಷ್ಟು ಸಹಜ. ಮುಚ್ಚದೆ ಇಟ್ಟ ನೀರಿನ ಮೇಲೆ ಸ್ವಲ್ಪ ಹೊತ್ತಿಗೇ ಕೆನೆಯಂಥ ಪದರ ಕಟ್ಟುತ್ತದೆ. ಅಂಥ ನೀರು ಯಾರ ಕಣ್ಣಿಗೆ ಬಿದ್ದರೂ, ಯಾರು ಇಟ್ಟದ್ದು ಎಂದು ಕೇಳದೆ, ಎತ್ತಿ ಅಂಗಳಕ್ಕೆ ಚೆಲ್ಲುವುದು ಪದ್ಧತಿ. ಬಿರುಗಾಳಿಯ ದಿನ ಪಕ್ಕದ ಮನೆಯ ನೀರನ್ನೂ ಚೆಲ್ಲಿ ಬಂದವರಿದ್ದಾರೆ.

ಹಳದಿ ಹಚ್ಚಿದ ವಿಮಾನವನ್ನು ರೊಟ್ಟಿಯ ಬುಟ್ಟಿ ಬೋರಲು ಹಾಕಿ ಮುಚ್ಚಿದೆ, ಮೇಲೆ ಒದ್ದೆ ಬಟ್ಟೆ ಹೊದಿಸಿದೆ.

"ಇವತ್ತು ರೊಟ್ಟಿ ಎಲ್ಲಿ ಇಡ್ಲಿ, ರನ್‌ವೇ ಮ್ಯಾಲೇನು?" ಎಂದು ಹೆಂಡತಿ ಕೇಳಿದಳು. ಆದರೆ ಬಣ್ಣ ಒಣಗುವ ತನಕ ಬುಟ್ಟಿಯನ್ನು ಯಾರೂ ಮುಟ್ಟದ ಹಾಗೆ ನೋಡಿಕೊಂಡವಳೂ ಅವಳೇ.

ಇನ್ನು ಉಳಿದದ್ದು ಗುರುತುಗಳು. ರೆಕ್ಕೆಯ ಮೇಲಿನ ದುಂಡನೆಯ ಬಿಲ್ಲೆ, ಬಾಲದ ಅಂಕಿಗಳು, ಎಲ್ಲ ತೆಳ್ಳಗೆ ಒಂದು ಕಾಗದದ ಮೇಲೆ ಅಚ್ಚಾಗಿ ಬಂದಿರುತ್ತವೆ. ಒಂದೊಂದನ್ನೇ ಕತ್ತರಿಸಿ ನೀರಿನಲ್ಲಿ ನೆನೆಸಿದರೆ ಚಿತ್ರ ಕಾಗದದಿಂದ ಬಿಡುತ್ತದೆ. ಅದನ್ನು ವಿಮಾನದ ಮೇಲೆ ಜಾರಿಸಿ ಒತ್ತಬೇಕು. ಒಂದು ಹಚ್ಚಿ ಆದಮೇಲೆ ಇನ್ನೊಂದು. ಆ ದಿನ ನನಗೆ ಮಧ್ಯಾಹ್ನದ ಡ್ಯೂಟಿ ಇತ್ತು. ಮುಗಿಯುತ್ತ ಬಂತು ಅನ್ನುವ ಆಸೆಗೆ ಎಲ್ಲವನ್ನೂ ಒಟ್ಟಿಗೇ ಕತ್ತರಿಸಿ ತಾಟಿನ ನೀರಿಗೆ ಬಿಟ್ಟೆ. ಅಷ್ಟರಲ್ಲಿ ಗಾರ್ಡ್ ಸಾಬರು ಬಾಗಿಲಲ್ಲಿ ನಿಂತು, ಯಾವುದೋ ಗಾಡಿ ತಡವಾದ ಕಥೆ ತೆಗೆದರು. ಕಥೆ ಉದ್ದವಿತ್ತು.

ಒಳಗೆ ಬಂದಾಗ ತಾಟು ತೊಳೆದು ಬೋರಲು ಹಾಕಿತ್ತು.

"ತಾಟಿನ್ಯಾಗ ನೀರಿತ್ತಲ್ಲ?"

"ಇತ್ತು. ಮ್ಯಾಲೆ ಧೂಳು ತೇಲಾಕತ್ತಿತ್ತು. ಚೆಲ್ದೆ."

ತೇಲುತ್ತಿದ್ದದ್ದು ಧೂಳಲ್ಲ, ಕಾಗದದಿಂದ ಬಿಟ್ಟ ಗುರುತುಗಳು. ಅಂಗಳಕ್ಕೆ ಹೋದೆ. ಕರಿಬೇವಿನ ಬುಡದಲ್ಲಿ ನೀರು ಆಗಲೇ ಇಂಗಿತ್ತು. ಮಣ್ಣಿಗೆ ಅಂಟಿದ ಒಂದು ಬಿಲ್ಲೆ ಕಂಡಿತು, ಎತ್ತಲು ಹೋದರೆ ಬೆರಳಲ್ಲಿ ಮುದುಡಿ ಉಂಡೆಯಾಯಿತು. ಆ ಉಂಡೆಯನ್ನು ತಾಟಿನ ಪಕ್ಕದಲ್ಲಿಟ್ಟು, ಅಂಗಿ ಹಾಕಿಕೊಂಡು, ಹೊತ್ತಿಗೆ ಮುಂಚೆಯೇ ಮನೆ ಬಿಟ್ಟೆ.

ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತೆ. ಗುಂತಕಲ್ ಕಡೆಯ ಗಾಡಿ ಬಂತು, ಹೋಯಿತು. ಅವಳ ಮೇಲೆ ಸಿಟ್ಟಿರಲಿಲ್ಲ. ಮುಚ್ಚದ ನೀರು ಕಂಡರೆ ನಾನೂ ಚೆಲ್ಲುತ್ತಿದ್ದೆ. ಆದರೆ, ಸರಿ, ಇಲ್ಲಿಗೆ ಸಾಕು ಎಂದು ಒಳಗೆ ಏನೋ ಆರಾಮಾಗಿ ಹೇಳಿತು. ಹೆದರಿಸಿದ್ದು ಆ ಆರಾಮವೇ. ದೊಡ್ಡ ವಿಮಾನವನ್ನು ಪಂಚೆಯಲ್ಲಿ ಸುತ್ತಿದ ದಿನವೂ ಹೀಗೇ ಹಗುರವಾಗಿತ್ತು.

ಮರುದಿನ ನಾನು ಬೆಳಗಿನ ಡ್ಯೂಟಿ ಮುಗಿಸಿ ಬಂದು ಉಂಡ ಮೇಲೆ ಹೆಂಡತಿ ಹಿಂದಿನ ಅಂಗಳಕ್ಕೆ ಕರೆದಳು. ಬಟ್ಟೆ ಒಗೆಯುವ ಫರ್ಸಿ ಕಲ್ಲಿನ ತುಂಬ ಬಣ್ಣದ ಬಿಲ್ಲೆಗಳು, ನಲವತ್ತೋ ಐವತ್ತೋ. ಮೂಲೆಯ ಸಾಲಿನವು ಮೊಟ್ಟೆಯಂತೆ, ನಡುವಿನವು ತುಸು ದುಂಡಗೆ, ಇತ್ತ ಕಡೆಯವು ಬಳೆ ಇಟ್ಟು ಬರೆದಂತೆ. ನನ್ನ ಬಣ್ಣದ ಡಬ್ಬಿಗಳು ಪಕ್ಕದಲ್ಲಿ ಸಾಲಾಗಿ, ಎಲ್ಲವಕ್ಕೂ ಮುಚ್ಚಳ.

"ಇದು ಯಾರು ಮಾಡಿದ್ದು?"

"ಯಾರು ಮಾಡ್ತಾರ? ದಿನಾ ಮೇಣ ಹಚ್ಚಿ ಕುಂಕುಮ ಇಡೂದಿಲ್ಲೇನು ನಾನು? ಕನ್ನಡಿ ಇಲ್ದೇ ಇಡಾಕತ್ತಿ ಎಷ್ಟು ವರ್ಷ ಆಯ್ತು." ಅವಳ ಉಂಗುರ ಬೆರಳಿನ ತುದಿ ಕೇಸರಿಯಾಗಿತ್ತು. "ಬೆರಳಿಲೆ ಕೇಸರಿ. ಒಣಗಿದ ಮ್ಯಾಲೆ ಕಿರಿಬೆರಳಿಲೆ ಬಿಳೀದು. ನಡುವ ಹಸರು ಕಡ್ಡೀಲೆ ಇಡಬೇಕು."

"ಡಬ್ಬಿಮ್ಯಾಲಿನ ಚಿತ್ರದಾಗ ಬ್ಯಾರೆ ದೇಶದ ಗುರುತು ಅದ. ಈ ಬಣ್ಣ ಅಲ್ಲ."

"ಆ ದೇಶ ನಾನು ನೋಡಿಲ್ಲ. ನಮ್ಮದು ನೋಡೀನಿ." ಅವಳ ತವರು ಚಿಂಚೋಳಿ ಕಡೆಯ ಚಿಮ್ಮನಚೋಡ. ಬೀದರ ಕಡೆಯಿಂದ ವಾಯುಪಡೆಯ, ಹಾರಲು ಕಲಿಸುವ ವಿಮಾನಗಳು ಅವರ ತೊಗರಿ ಹೊಲಗಳ ಮೇಲೆ ಸುತ್ತುತ್ತಿದ್ದವಂತೆ. "ತೊಗರಿ ರಾಶಿಗೆ ಹೋದಾಗ ಭಾಳ ಕೆಳಗ ಬರ್ತಿದ್ವು. ಹೊರಗ ಕೇಸರಿ, ನಡುವ ಹಸರು. ನಮ್ಮ ಅಪ್ಪ ಟಾವೆಲ್ ಬೀಸ್ತಿದ್ದ, ಅವ್ರು ಇಳೀತಾರ ಅಂತ ಮಾಡಿದ್ದ."

ನಾನು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅಷ್ಟೊಂದು ಬಿಲ್ಲೆಗಳನ್ನು ಹಾಕಲು ಅವಳಿಗೆ ಇಡೀ ಬೆಳಿಗ್ಗೆ ಹಿಡಿದಿರಬೇಕು. ನಾನು ಬೆಂಚಿನ ಮೇಲೆ ಕೂತು ಬಂದ ಮಾತನ್ನು ಅವಳಿಗೆ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

"ನಿನ್ನಿ ನೀರು ಚೆಲ್ಲಿದ್ದಕ್ಕ ಮಾಡಾಕತ್ತೀಯೇನು?" ಅಂದೆ.

"ಚೆಲ್ಲಿದ್ದು ಬರೋಬರಿ ಅದ. ವಾಡ್ಯಾಗ ಮುಚ್ಚದ ನೀರು ಯಾರು ಇಡ್ತಾರ?" ಅಂದಳು. ಒಂದು ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಾ, "ಆದ್ರ ನೀವು ಮತ್ತ ಮಂಚದ ಮ್ಯಾಲೆ ಬೀಳಬ್ಯಾಡ್ರಿ. ಅದು ನನಗ ನೋಡಾಕಾಗಂಗಿಲ್ಲ," ಅಂದಳು.

ವಿಮಾನವನ್ನು ಒಳಗಿನಿಂದ ತಂದೆ. ನಾನು ಎರಡೂ ಕೈಯಲ್ಲಿ ಅಲುಗಾಡದಂತೆ ಹಿಡಿದೆ, ಅವಳು ಬೆರಳಿಟ್ಟಳು. ಒಂದು ಒತ್ತು, ಸಣ್ಣಗೆ ಒಂದು ತಿರುವು, ಎತ್ತಿದಳು. ಹಳದಿಯ ಮೇಲೆ ಕೇಸರಿ ಅಷ್ಟೇನೂ ಎದ್ದು ಕಾಣಲಿಲ್ಲ. ಮರುದಿನ ಬಿಳಿ ಬಿದ್ದ ಮೇಲೆ ಕಂಡಿತು, ಅದರ ಮರುದಿನ ಹಸಿರು. ಬಲ ರೆಕ್ಕೆಯದು ಎಡದ್ದಕ್ಕಿಂತ ಕೂದಲೆಳೆಯಷ್ಟು ದೊಡ್ಡದು. ಕೇಸರಿಯಲ್ಲಿ ಬೆರಳಿನ ಗೆರೆಗಳು ಉಳಿದಿದ್ದವು. ಸವೆದ ಎಮರಿಯಿಂದ ಉಜ್ಜಿದರೆ ಹೋಗುತ್ತಿತ್ತು. ಉಜ್ಜಲಿಲ್ಲ. ಬಾಲದ ಅಂಕಿಗಳನ್ನು ನಾನೇ ಒಂದೇ ಕೂದಲಿನ ಕುಂಚದಿಂದ ಬರೆದೆ, ದಿನಕ್ಕೊಂದು ಅಂಕಿ. ಕನ್ನಡಕ ಜಾರಿದಾಗ ಏರಿಸಿಕೊಂಡು ಮತ್ತೆ ಬರೆದೆ. ಸಿಟ್ಟು ಬರಲಿಲ್ಲ.

ಮುಗಿದ ದಿನ ಗಾರ್ಡ್ ಸಾಬರು ಬಂದು, ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ನೋಡಿದರು. "ಈ ಕಡೀದು ದೊಡ್ಡದಾಗ್ಯದಲ್ಲ ಬಾಬು. ಹಾರಿದ್ರ ಈ ಕಡೀಗೇ ವಾಲ್ತದ."

"ಅದನ್ನ ಇಟ್ಟಾವ್ರಿಗೆ ಹೇಳ್ರಿ. ಒಳಗ ಇದ್ದಾರ."

ಅವರು ಅಡುಗೆಮನೆಯ ಕಡೆ ನೋಡಿ ವಿಮಾನವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಚಹಾ ಬಂತು. ಕುಡಿಯುತ್ತಾ ನಾನು, ಮುಂದಿನ ಸಲ ಸೊಲ್ಲಾಪುರಕ್ಕೆ ಯಾವಾಗ ಎಂದು ಕೇಳಿದೆ. ಕೇಳಬೇಕೆಂದು ಅಂದುಕೊಂಡಿರಲಿಲ್ಲ, ಮಾತು ತಾನಾಗಿ ಬಂತು.

"ಮಂಗಳವಾರ. ಎಂಥಾದ್ದು ತರ್ಲಿ?"

ನಾನು ಬಾಯಿ ತೆರೆಯುವ ಮುಂಚೆ ಒಳಗಿನಿಂದ ಹೆಂಡತಿ ಅಂದಳು: "ಅಣ್ಣಾರ, ಈ ಸಲ ರೆಕ್ಕಿ ಅಗಲ ಇರೂವಂಥಾದ್ದು ತರ್ರಿ. ಇದ್ರಾಗ ಬೆರಳು ಹಿಡಿಯಂಗಿಲ್ಲ."