ಮಗ್ಗದ ಸಪ್ಪಳ

ಎಪ್ಪತ್ತರ ದಶಕದಲ್ಲಿ ಇಳಕಲ್ಲಿನ ನಮ್ಮ ಓಣಿಯಲ್ಲೊಬ್ಬ ವಿಜ್ಞಾನದ ಮಾಸ್ತರರಿದ್ದರು. ದೆವ್ವ ಬಂತೆಂದರೂ, ಹಾರುವ ತಟ್ಟೆ ಇಳಿಯಿತೆಂದರೂ ಚಪ್ಪಲಿ ಮೆಟ್ಟುತ್ತ ಒಂದೇ ಮಾತು ಹೇಳುತ್ತಿದ್ದರು: "ನೋಡೂಣ ನಡೀರಿ."

ಹೆಂಡತಿ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಸಂಜೆಯಾದರೆ ಆಕೆಯ ಮಗ್ಗದ ಸಪ್ಪಳ ಕೇಳತೊಡಗಿತು. ಸತ್ತವಳೇ ಬಂದು ನೇಯುತ್ತಾಳೆಂದು ಓಣಿಯೆಲ್ಲ ಅಂಜಿತು. ಮಾಸ್ತರರು ಎಲ್ಲರನ್ನೂ ಒಳಗೆ ಕರೆದು ತೋರಿಸಿದರು: ಗಾಳಿಗೆ ಕಿಟಕಿಯ ಕದ ಮಗ್ಗದ ಕಟ್ಟಿಗೆಗೆ ಬಡಿಯುತ್ತಿತ್ತು. ಅಲ್ಲೇ ಉಳಿದಿದ್ದ ರೇಷ್ಮೆ ದಾರದಿಂದ ಕದವನ್ನು ಕಟ್ಟಿದರು. ಸಪ್ಪಳ ನಿಂತಿತು, ಓಣಿಯ ಅಂಜಿಕೆಯೂ ಹೋಯಿತು.

ಕೆಲವು ದಿನಗಳ ನಂತರ ಮತ್ತೆ ಅದೇ ಸಪ್ಪಳ. ಬಾಗಿಲಲ್ಲಿ ನಿಂತು ಕೇಳಿದೆ, "ದಾರ ಹರೀತೇನ್ರಿ, ಮಾಸ್ತರ?"

ಅವರು ಮಗ್ಗದ ಪಕ್ಕ ಒಬ್ಬರೇ ಕುಳಿತಿದ್ದರು.

"ಇಲ್ಲ, ನಾನ ಬಿಚ್ಚೇನಿ. ಗಾಳೀನ ಅದು, ಗೊತ್ತೈತಿ. ಬಡೀಲಿ ಬಿಡು."