ಮಕ್ತಲದ ಮುಖವೀರ

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಕಾಣುವುದಿಲ್ಲವೆಂದೇ ಮಕ್ತಲದ ಕರಿಬಸಯ್ಯ ನಂಬಿದ್ದ. ನಿಜಾಮನ ಸರಕಾರದ ಕಡೆಯ ವರ್ಷ ಅದು. ಆ ವರ್ಷ ಆತ ಪೊಲೀಸರ ಗೂಢಚಾರನಾಗಿದ್ದ. ಈ ಸಂಗತಿ ತನಗೂ ಠಾಣೆಯ ಅಮೀನನಿಗೂ ಬಿಟ್ಟು ಮೂರನೆಯವರಿಗೆ ತಿಳಿಯದೆಂದು ಧೈರ್ಯವಾಗಿದ್ದ. ಊರಲ್ಲಿ ನೀರಿಗೆ ಹೋಗುವ ಹೆಣ್ಣುಮಕ್ಕಳಿಗೆಲ್ಲ ಅದು ಗೊತ್ತಿತ್ತು. ಯಾರಿಂದ ಗೊತ್ತಾಯಿತೆಂಬುದನ್ನು ಮುಂದೆ ಹೇಳುತ್ತೇನೆ; ಕೇಳಿದರೆ ನಗುತ್ತೀರಿ, ಸ್ವಲ್ಪ ಹೊತ್ತು ಮಾತ್ರ.

ಕರಿಬಸಯ್ಯ ಜಂಗಮ. ಬೆಳಗಿನ ಪೂಜೆ ಮುಗಿಸಿ, ತಲೆಗೆ ಕಾವಿ ರುಮಾಲು ಸುತ್ತಿ, ಎಡತೋಳಿಗೆ ಜೋಳಿಗೆ ಹಾಕಿಕೊಂಡು, ಬಲಗೈಯಲ್ಲಿ ಗಂಟೆ ಹಿಡಿದು ಭಿಕ್ಷೆಗೆ ಹೊರಡುವುದು ಅಪ್ಪನ ಕಾಲದಿಂದ ಬಂದ ನೇಮ. ಗಂಟೆ ಸದ್ದಾದರೆ ಸಾಕು, ಬಾಗಿಲು ತೆರೆದು ಹೆಣ್ಣುಮಕ್ಕಳು ಬೊಗಸೆ ಜೋಳ ತಂದು ಹಾಕಿ, ಕಾಲುಮುಟ್ಟಿ ಒಳಗೆ ಹೋಗುತ್ತಿದ್ದರು. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರ ಮನೆಯಲ್ಲಿ ಅತ್ತೆ ಸೊಸೆ ಮುಖ ತಿರುವಿದ್ದಾರೆ, ಎಲ್ಲ ಆತನ ಕಣ್ಣಿಗೆ ಬೀಳುತ್ತಿತ್ತು. ಆದರೆ ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ದವನಲ್ಲ. "ಜೋಳಿಗಿಗಿ ಹಾಕೋ ಬಾಯಿ ಇರಬೇಕು, ಸೋರೋ ಬಾಯಿ ಇರಬಾರದು" ಎಂದು ಅಪ್ಪ ಹೇಳಿದ್ದ ಮಾತನ್ನು ಅಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದ.

ಆ ಜೋಳಿಗೆ ಸೋರಲು ಶುರುವಾದದ್ದು ಅಳಿಯನ ದೆಸೆಯಿಂದ. ಅಳಿಯ ಶರಣಯ್ಯ ಗದ್ವಾಲಿನವನು. ನಾರಾಯಣಪೇಟೆಯ ಸೀರೆಗಳನ್ನು ಕೊಂಡು ಗದ್ವಾಲಿನಲ್ಲಿ ಮಾರುತ್ತಿದ್ದ. ಒಂದು ದಿನ ಆತನ ಸೀರೆ ಗಂಟಿನೊಳಗೆ ಸರಕಾರದ ವಿರುದ್ಧದ ಕರಪತ್ರಗಳು ಸಿಕ್ಕವೆಂದು ಮಕ್ತಲದ ಪೊಲೀಸರು ದಾರಿಯಲ್ಲೇ ಹಿಡಿದು ಹವಾಲಾತಿಗೆ ಹಾಕಿದರು. ಕರಪತ್ರ ಬರೆದವರು ನಾರಾಯಣಪೇಟೆಯ ಶಿವಶಂಕರಪ್ಪ ಮೇಷ್ಟ್ರು. ಶಾಲೆಯ ಮೇಲೆ ತಿರಂಗಾ ಬಾವುಟ ಕಟ್ಟಿ, ಕಾಲಿಗೆ ಗುಂಡು ತಿಂದು, ಎಲ್ಲೋ ತಲೆಮರೆಸಿಕೊಂಡಿದ್ದವರು. ಅವರು ಸಿಕ್ಕರೆ ಉಳಿಯುವುದಿಲ್ಲವೆಂದು ಮಕ್ಕಳು ಮರಿಗಳಿಗೂ ತಿಳಿದಿತ್ತು.

ಅಮೀನ ಕರಿಬಸಯ್ಯನಿಗೆ ಹೇಳಿ ಕಳಿಸಿದ. ಬೈಯುತ್ತಾನೆಂದು ನಡುಗುತ್ತ ಹೋದರೆ, ಕುರ್ಚಿ ಹಾಕಿಸಿದ! ಬಸಿಯಲ್ಲಿ ಚಹಾ ಕೊಡಿಸಿದ. ಊರವರಿಂದ ಕಾಲು ಮುಟ್ಟಿಸಿಕೊಂಡು ಗೊತ್ತಿದ್ದ ಕರಿಬಸಯ್ಯನಿಗೆ ಸರಕಾರದ ಕುರ್ಚಿಯ ಮೇಲೆ ಕೂತು ಗೊತ್ತಿರಲಿಲ್ಲ.

"ನೀವು ಎಲ್ಲಾ ಮನಿಗೂ ಹೋಗ್ತೀರಿ ಅಯ್ಯಾಜೀ," ಎಂದ ಅಮೀನ. "ಯಾರ ಮನ್ಯಾಗ ಹೊಸಾ ಮನುಷ್ಯಾ ಅದಾನ, ಅಷ್ಟು ಹೇಳ್ರಿ ಸಾಕು. ಮೇಷ್ಟ್ರು ಸಿಕ್ಕ ದಿನ ನಿಮ್ಮ ಅಳಿಯ ಮನಿಗೆ. ಇವತ್ತಿನಿಂದ ನೀವು ಸರಕಾರದ ಮುಖ್ಬಿರ್."

ಅಮೀನನೂ ರಾಕ್ಷಸನಲ್ಲ. ಮೇಲಿನವರು ಮೇಷ್ಟ್ರು ಎಲ್ಲಿ ಎಂದು ಆತನ ಜೀವ ತಿನ್ನುತ್ತಿದ್ದರು, ಆತ ಕರಿಬಸಯ್ಯನ ಜೀವ ತಿಂದ. ಮನೆಯಲ್ಲಿ ಮಗಳು ಸಂಗಮ್ಮ ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಬಂದವಳು. ಕರಿಬಸಯ್ಯ ಹೂಂ ಅಂದ. ಚಹಾ ಮುಗಿಸಿಯೇ ಎದ್ದ.

ಮನೆಗೆ ಬಂದಾಗ ಹೆಂಡತಿ ವೀರಬಸಮ್ಮ ಬಾಗಿಲಲ್ಲೇ ಹಿಡಿದಳು. "ಏನಂದ್ರು ಅಮೀನ್ ಸಾಹೇಬ್ರು?"

"ನನ್ನ ಮುಖ್ಬಿರ್ ಮಾಡ್ಯಾರ" ಎಂದ ಕರಿಬಸಯ್ಯ. ಉರ್ದು ಬಾರದ ಹೆಂಡತಿಗೆ ಏನು ತಿಳಿದೀತು ಎಂಬ ಧೈರ್ಯ.

"ಮುಖವೀರಾ!" ವೀರಬಸಮ್ಮನ ಕಣ್ಣುಗಳು ಅರಳಿದವು. ಆಕೆಯ ತವರಲ್ಲಿ ವೀರಯ್ಯ, ವೀರಭದ್ರಯ್ಯ, ವೀರಸಂಗಯ್ಯ ಬಿಟ್ಟು ಬೇರೆ ಹೆಸರೇ ಇಲ್ಲ. "ಎಂಥಾ ಬಿರುದು ಕೊಟ್ಟಾರ್ರೀ! ನಮ್ಮಪ್ಪ ಇದ್ದಿದ್ರ ಕುಣಿದಾಡ್ತಿದ್ದ."

"ಯಾರ ಮುಂದೂ ಹೇಳಬ್ಯಾಡ, ನೋಡು."

ಯಾರ ಮುಂದೂ ಹೇಳಬಾರದೆಂದರೆ ಬಾವಿಕಟ್ಟೆಯಲ್ಲಿ ಮಾತ್ರ ಹೇಳಬೇಕೆಂದು ವೀರಬಸಮ್ಮನ ಲೆಕ್ಕ. ಮರುದಿನವೇ ಹೇಳಿದಳು. ಅಲ್ಲಿ ಅಮರಮ್ಮನೆಂಬ ವಿಧವೆ ನೀರು ಸೇದುತ್ತಿದ್ದಳು. ಆಕೆಯ ಗಂಡ ಬದುಕಿದ್ದಾಗ ತಹಸೀಲು ಕಚೇರಿಯಲ್ಲಿ ಜವಾನನಾಗಿದ್ದ. ಹಾಗಾಗಿ ಆಕೆಗೆ ಕಚೇರಿಯ ಮಾತು ಅಷ್ಟಿಷ್ಟು ತಿಳಿಯುತ್ತಿತ್ತು. ಸರಕಾರದವರು ಜಂಗಮನಿಗೆ ಬಿರುದು ಕೊಟ್ಟದ್ದನ್ನು ಆಕೆ ಕೇಳಿರಲಿಲ್ಲ. ಮುಖ್ಬಿರ್ ಎಂದರೆ ಬೇಹಿನವನೆಂಬುದನ್ನು ಕೇಳಿದ್ದಳು. ಕೊಡ ಕೈಯಲ್ಲೇ ನಿಂತಿತು. ಆಮೇಲೆ ನಕ್ಕು ಹೇಳಿದಳು:

"ಬಾಳ ದೊಡ್ಡ ಬಿರುದು, ತಂಗೀ. ನಾಕು ಮಂದಿಗೆ ಹೇಳು."

ವೀರಬಸಮ್ಮ ನಾಲ್ಕು ಮಂದಿಗೆ ಹೇಳುವ ಜಾತಿಯವಳಲ್ಲ, ಊರಿಗೆಲ್ಲ ಹೇಳಿದಳು. ಹೀಗೆ ಸರಕಾರದ ಗುಟ್ಟು ಸಂಜೆಯೊಳಗೆ ಕೇರಿ ಕೇರಿಯ ಬಾಯಿಗೆ ಬಿತ್ತು.

ಅಂದಿನಿಂದ ಮಕ್ತಲದ ಹೆಣ್ಣುಮಕ್ಕಳು ಭಿಕ್ಷೆಯ ಜೊತೆ ಸುದ್ದಿಯನ್ನೂ ಹಾಕತೊಡಗಿದರು. ಕುರಿ ಕಾಯುವ ಕುರುಮಮ್ಮ ಕಣ್ಣೊರೆಸಿಕೊಳ್ಳುತ್ತ, ತನ್ನ ತಮ್ಮ ಮೇಷ್ಟ್ರನ್ನು ಹೊಳೆಯಾಚೆಯ ಗಟ್ಟು ಊರಿನಲ್ಲಿ ಕಂಡನಂತೆ ಅಂದಳು. ಕರಿಬಸಯ್ಯ ಅದನ್ನು ಠಾಣೆಗೆ ಮುಟ್ಟಿಸಿದ. ಪೊಲೀಸರು ಕೃಷ್ಣೆ ದಾಟಿ ಗಟ್ಟುವರೆಗೆ ಹೋಗಿ ಧೂಳು ತಿಂದು ಬಂದರು. ಆಮೇಲೆ ಇನ್ನೊಬ್ಬಳು ಇಟಿಕ್ಯಾಲ ಅಂದಳು. ಇಟಿಕ್ಯಾಲದ ಧೂಳೂ ಅದೇ ರುಚಿ. ಪ್ರತಿ ಸಲವೂ ಅಮೀನ ಕುರ್ಚಿ ಹಾಕಿಸಿದ. ಕೂತಾಗ ಕರಿಬಸಯ್ಯನಿಗೆ ಹಿತವಾಗುತ್ತಿತ್ತು, ಹಿತವಾಯಿತಲ್ಲ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ನಾಚಿಕೆಯಾಗುತ್ತಿತ್ತು. ಮೇಷ್ಟ್ರು ಸಿಕ್ಕಿಲ್ಲವಲ್ಲ, ಹಾಗಾದರೆ ಪಾಪವೂ ಹತ್ತಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಇತ್ತ ಸಂಗಮ್ಮ ದಿನವೂ ಹೊಟ್ಟೆಯ ಮೇಲೆ ಕೈಯಿಟ್ಟು, "ಅಪ್ಪಾ, ಏನರ ಸುದ್ದಿ?" ಎಂದು ಕೇಳುತ್ತಿದ್ದಳು.

ಒಂದು ಬೆಳಗ್ಗೆ ನಿಜವಾದ ಸುದ್ದಿ ಸಿಕ್ಕಿಬಿಟ್ಟಿತು. ಅಮರಮ್ಮನ ಮನೆ ಊರ ಅಂಚಿನಲ್ಲಿ. ಆಕೆ ಜೋಳ ಹಾಕುತ್ತಿದ್ದಾಗ ಒಳಗಿನಿಂದ ಗಂಡಸು ಕೆಮ್ಮಿದ ಸದ್ದು ಬಂತು. ಹಿತ್ತಲಿನ ಗಳದ ಮೇಲೆ ಅರಿಸಿನ ಮತ್ತು ರಕ್ತದ ಕಲೆಯ ಬಟ್ಟೆ ಒಣಗುತ್ತಿತ್ತು.

"ಆಕಳು ಕೆಮ್ಮೇತಿ, ಅಯ್ಯನೋರ," ಎಂದಳು ಅಮರಮ್ಮ.

ಅಮರಮ್ಮನಿಗೆ ಆಕಳು ಇರಲಿಲ್ಲ. "ಹೌದೌದು, ಹವಾ ಕೆಟ್ಟೈತಿ" ಎಂದು ಕರಿಬಸಯ್ಯ ಮುಂದಿನ ಮನೆಗೆ ನಡೆದ. ಗಂಟೆ ಬಾರಿಸಲು ಕೈ ಏಳಲಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು: ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಮೇಷ್ಟ್ರ ಜೀವ ಹೋಗುತ್ತದೆ, ಅಮರಮ್ಮನನ್ನು ಎಳೆದೊಯ್ಯುತ್ತಾರೆ. ಹೇಳದಿದ್ದರೆ ಮಗಳ ಗಂಡ ಹವಾಲಾತಿನಲ್ಲೇ ಕೊಳೆಯುತ್ತಾನೆ. ಅಂದು ಆತ ಠಾಣೆಯ ಕಡೆ ಹೋಗಲಿಲ್ಲ. ಸಂಗಮ್ಮ ಸುದ್ದಿ ಕೇಳಿದಾಗ ಆಕೆಯ ಮುಖ ನೋಡಲಾಗದೆ ಜೋಳಿಗೆಯನ್ನು ಸುಮ್ಮನೆ ಕೊಡವಿದ.

ಮರುದಿನ ಎಲ್ಲರಿಗಿಂತ ಮೊದಲು ಅಮರಮ್ಮನ ಬಾಗಿಲಿಗೆ ಹೋದ. ಗಂಟೆ ಬಾರಿಸಲಿಲ್ಲ.

"ತಾಯೀ, ಮನಿಯಾಗ ಇರೋರ್ನ ಬ್ಯಾರೆ ಕಡಿ ಕಳಸು. ನನ್ನ ನಂಬಬ್ಯಾಡ. ನಾನು… ನಾನು ಠಾಣೇದ…"

"ಮುಖ್ಬಿರ್ ಅದೀರಿ," ಎಂದಳು ಅಮರಮ್ಮ, ಮಳೆ ಬರುವಂತಿದೆ ಎನ್ನುವಷ್ಟು ಸಹಜವಾಗಿ. "ನಿಮ್ಮ ಹೇಣ್ತಿ ಬಾವಿಕಟ್ಟಿ ಮ್ಯಾಲ ಹೇಳ್ಯಾಳ. ಊರಿಗೆಲ್ಲ ಗೊತ್ತೈತಿ."

ಕರಿಬಸಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡ. ಗಟ್ಟು ನೆನಪಾಯಿತು, ಇಟಿಕ್ಯಾಲ ನೆನಪಾಯಿತು, ಕುರುಮಮ್ಮನ ಕಣ್ಣೀರು ನೆನಪಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ದಿನವೂ ತುಂಬಿ ಬರುತ್ತಿದ್ದ ಜೋಳಿಗೆ ನೆನಪಾಯಿತು.

"ಗೊತ್ತಿದ್ದೂ ಜ್ವಾಳಾ ಹಾಕಿದ್ರೇನು?"

"ಜ್ವಾಳಾ ಹಾಕಿದ್ದು ಜೋಳಿಗಿಗಿ. ಅದು ನಿಮ್ಮ ಅಪ್ಪಂದು, ನಿಮ್ಮ ಅಜ್ಜಂದು. ನಡುವ ನೀವು ಅಂಜೀರಿ ಅಂತ ಅದಕ್ಕ ಉಪವಾಸ ಹಾಕಬೇಕೇನು?"

ಅಮರಮ್ಮನೇ ಮುಂದುವರಿಸಿದಳು. "ಮೇಷ್ಟ್ರು ನಸುಕಿನ್ಯಾಗ ಹೋದ್ರು. ಕಾಲು ತುಸು ಮಾಯ್ದಿತ್ತು. ಕಂಬಳಿ ಹೊದ್ದು ಕುರುಮಮ್ಮನ ಕುರಿ ಹಿಂದ ನಡದಾರ. ಹೊತ್ತು ನೆತ್ತಿಗೆ ಬರೋದ್ರಾಗ ಕೃಷ್ಣಾ ದಾಟತಾರ. ಆಮ್ಯಾಲ ನೀವು ಠಾಣೇಕ್ಕ ಹೋಗ್ರಿ. ಅಮರಮ್ಮನ ಮನ್ಯಾಗ ಅದಾರ ಅಂತ ಹೇಳ್ರಿ."

ಒಳಗೆ ಹೋಗಿ ಒಂದು ಬಿಳಿ ಖಾದಿ ಟೋಪಿ ತಂದಳು. ಮೇಷ್ಟ್ರದು. "ಇದನ್ನ ತೋರಸ್ರಿ, ಅಮೀನ ನಂಬ್ತಾನ. ಸುದ್ದಿ ಖರೇನ ಇತ್ತು, ತಾನೇ ತಡಾ ಮಾಡಿದೆ ಅಂತ ತಿಳೀತಾನ. ನಿಮ್ಮ ಅಳಿಯಾನ್ನ ಬಿಡ್ತಾನ."

"ನಿನ್ನ ಏನ್ ಮಾಡ್ತಾರ, ಗೊತ್ತೈತೇನು?"

"ಗೊತ್ತೈತಿ. ನನಗ ಹಿಂದಿಲ್ಲ ಮುಂದಿಲ್ಲ. ನಿಮ್ಮ ಮಗಳು ಬಸುರಿ ಹೆಣ್ಣಮಗಳು."

ಕರಿಬಸಯ್ಯ ಹಿಂದೆ ಸರಿದ. "ಒಲ್ಲೆ ತಾಯಿ, ಒಲ್ಲೆ."

"ಮನಿ ಮುಂದ ಬಂದು, ನೀಡಿದ್ದನ್ನ ಒಲ್ಲೆ ಅಂದ ಜಂಗಮನ್ನ ನಾ ಕಂಡಿಲ್ಲ. ಜೋಳಿಗಿ ಹಿಡೀರಿ."

ಹಿಡಿದ. ಆಕೆ ಟೋಪಿ ಹಾಕಿದಳು, ಅದರ ಮೇಲೆ ದಿನದಂತೆ ಒಂದು ಬೊಗಸೆ ಜೋಳ ಹಾಕಿದಳು, ದಿನದಂತೆ ಕಾಲುಮುಟ್ಟಲು ಬಗ್ಗಿದಳು. ಹುಟ್ಟಿದಾಗಿನಿಂದ ಕೇಳಿದ ಶರಣರ ಕಥೆಗಳೆಲ್ಲ ಬಹಳ ಹಿಂದೆ, ಬಹಳ ದೂರದಲ್ಲಿ ನಡೆದಂಥವು ಎಂದುಕೊಂಡಿದ್ದ. ಒಬ್ಬಳು ಬರಿಗೈಯ ಹೆಂಗಸು, ಬೆಳಗಿನ ಕಸ ಗುಡಿಸಿದಷ್ಟೇ ಸಲೀಸಾಗಿ, ತನ್ನನ್ನು ಹಿಡಿದುಕೊಡಬೇಕಾದವನ ಜೋಳಿಗೆಗೆ ತನ್ನನ್ನೇ ಹಾಕಿಬಿಟ್ಟಳು! ಆಕೆಯ ಕೈ ಪಾದಕ್ಕೆ ತಾಕುವ ಮೊದಲೇ ಆತ ತಾನು ಬಗ್ಗಿ ಆಕೆಯ ಕಾಲು ಮುಟ್ಟಿದ. ಜಂಗಮನಾದವನು ಹಾಗೆ ಮಾಡಬಾರದು. ಮಾಡಿದ.

ಉಳಿದ ಮನೆಗಳ ಭಿಕ್ಷೆಯನ್ನೂ ಮುಗಿಸಿದ. ಅಂದು ಪ್ರತಿಯೊಬ್ಬರ ಕೈಯನ್ನೂ ನೋಡಿದ. ಬಳೆಯ ಕೈ, ಬರಿಗೈ, ಸುಕ್ಕುಗಟ್ಟಿದ ಕೈ. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಹಾಕಿದರು. ತಾನು ಇಷ್ಟು ದೊಡ್ಡವರ ನಡುವೆ ಇಷ್ಟು ದಿನ ಬದುಕಿದೆನೇ ಎಂದು ಆತನಿಗೆ ದಿಗಿಲೇ ಆಯಿತು.

ಹೊತ್ತು ನೆತ್ತಿಗೇರಿ ಇಳಿಯತೊಡಗಿದ ಮೇಲೆ ಠಾಣೆಗೆ ಹೋದ. ಅಮೀನ ಕುರ್ಚಿ ತೋರಿಸಿದ. ಕರಿಬಸಯ್ಯ ಅದರ ಪಕ್ಕ ನೆಲದ ಮೇಲೆ ಕೂತು, ಜೋಳಿಗೆಗೆ ಕೈ ಹಾಕಿ ಟೋಪಿ ತೆಗೆದಿಟ್ಟ. ಅದರಿಂದ ನಾಲ್ಕು ಕಾಳು ಜೋಳ ನೆಲಕ್ಕೆ ಉದುರಿದವು.

"ಶಿವಶಂಕರಪ್ಪ ಮೇಷ್ಟ್ರದು," ಎಂದ. "ನಮ್ಮ ಮನ್ಯಾಗ ಇದ್ರು. ನಾನ ಇಟ್ಕೊಂಡಿದ್ದೆ. ನಸುಕಿನ್ಯಾಗ ನಾನ ಕಳಿಸೀನಿ."

ಅಮೀನ ಮೊದಲು ನಕ್ಕ. ಆಮೇಲೆ ಟೋಪಿ ಎತ್ತಿ ತಿರುವಿ ನೋಡಿದ. "ಮತ್ತ ಗಟ್ಟು? ಇಟಿಕ್ಯಾಲ?"

"ಎಲ್ಲಾ ಸುಳ್ಳು. ನಿಮ್ಮನ್ನ ದೂರ ಕಳಸಾಕ ಹೇಳೀನಿ."

ಆ ಮಾತು ಬಾಣದಂತೆ ನಾಟಿತು. ಇಷ್ಟು ದಿನ ಯಾಕೆ ಧೂಳು ತಿಂದೆನೆಂದು ಅಮೀನನಿಗೆ ಈಗ ತಿಳಿದ ಹಾಗಾಯಿತು. ಊರು ಹೂಡಿದ ಆಟವನ್ನೆಲ್ಲ ಕರಿಬಸಯ್ಯ ತನ್ನೊಬ್ಬನ ತಲೆಗೆ ಸುತ್ತಿಕೊಂಡಿದ್ದ, ಅಮೀನನ ಮೊದಲ ಪೆಟ್ಟಿಗೇ ಆ ತಲೆಯ ರುಮಾಲು ಹಾರಿ ಬಿತ್ತು. ಅಮೀನ ಹೊಡೆಯುವಷ್ಟು ಹೊಡೆದ, ಕುರ್ಚಿಗೂ ಒಂದು ಒದ್ದ. ಪೊಲೀಸರು ಹೋಗಿ ಕರಿಬಸಯ್ಯನ ಮನೆಯ ಗಡಿಗೆ ಮಡಿಕೆ ತಿರುವಿ ಹಾಕಿ ಬರಿಗೈಲಿ ಬಂದರು.

ಹವಾಲಾತಿನ ಕತ್ತಲೆಯಲ್ಲಿ ಅಳಿಯ ಎದ್ದು ನಿಂತ. "ಮಾವಾ! ನೀವಾ?"

"ಹೂಂ, ನಾನ," ಎಂದ ಕರಿಬಸಯ್ಯ, ಬಾಯಿಯ ರಕ್ತ ಒರೆಸಿಕೊಳ್ಳುತ್ತ. "ತುಸು ಸರಿ, ಜಾಗಾ ಕೊಡು."

ಅಳಿಯನನ್ನು ಇಷ್ಟು ದಿನ ಬಿಡದೆ ಇಟ್ಟದ್ದೇ ಮಾವನನ್ನು ಬಗ್ಗಿಸಲಿಕ್ಕೆ. ಮಾವನೇ ಒಳಗೆ ಬಂದ ಮೇಲೆ ಅಳಿಯನಿಗೆ ರೊಟ್ಟಿ ಹಾಕುವುದು ದಂಡವೆಂದು ಅಮೀನ ಮರುದಿನ ಬೆಳಗ್ಗೆ ಶರಣಯ್ಯನನ್ನು ಹೊರಗೆ ನೂಕಿದ.

ಅದೇ ಬೆಳಗ್ಗೆ, ದಿನವೂ ಗಂಟೆ ಕೇಳುವ ಹೊತ್ತಿಗೆ ಮಕ್ತಲದಲ್ಲಿ ಗಂಟೆ ಕೇಳಲಿಲ್ಲ. ಬಾಗಿಲುಗಳು ತೆರೆದವು. ಆಮೇಲೆ ನಡೆದದ್ದನ್ನು ಹೇಳಿದರೆ ನೀವು ನಂಬಬೇಕು. ಒಬ್ಬೊಬ್ಬರಾಗಿ ಹೆಣ್ಣುಮಕ್ಕಳು ರೊಟ್ಟಿ ಬುತ್ತಿ ಹಿಡಿದು ಠಾಣೆಯ ದಾರಿ ಹಿಡಿದರು. ನಿಜಾಮನ ಪರ ಲೂಟಿ ಮಾಡುವ ರಜಾಕಾರರ ಹೆಸರು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ದಿನಗಳವು, ಆದರೂ ಬಂದರು. ಕಂಬಳಿ ಹೊದ್ದ ಕುರುಮಮ್ಮ ಬಂದಳು. ಕಾಲಿಗೆ ಕೃಷ್ಣೆಯ ಕೆಸರು ಇನ್ನೂ ಮೆತ್ತಿತ್ತು. ಅದನ್ನು ಕಂಡ ಕರಿಬಸಯ್ಯನಿಗೆ ಮೇಷ್ಟ್ರು ದಾಟಿದ್ದು ತಿಳಿಯಿತು. ಬಾಗಿಲ ಪಹರೆಯ ಜವಾನ ಬಡೇಸಾಬ್ ತಡೆಯಬೇಕಾದವನು, ಸಾಲು ನೋಡಿ ಬಂದೂಕು ಗೋಡೆಗೆ ಒರಗಿಸಿ ದಾರಿ ಬಿಟ್ಟ. ಅಮೀನ ಮೊಗಸಾಲೆಗೆ ಬಂದು ನೋಡಿದ, ಮತ್ತೆ ಒಳಗೆ ಹೋದ.

ಸಾಲಿನಲ್ಲಿ ವೀರಬಸಮ್ಮನೂ ಇದ್ದಳು. ಮುಖ್ಬಿರ್ ಎಂದರೇನೆಂದು ಬಡೇಸಾಬ್ ಆಕೆಗೆ ಮೆಲ್ಲಗೆ ತಿಳಿಸಿ ಹೇಳಿದ. ಆಕೆ ಸೆರಗು ಸರಿಮಾಡಿಕೊಂಡು ಹೇಳಿದಳು:

"ನಿಮ್ಮ ಭಾಷಾದಾಗ ಏನರ ಇರಲಿ, ಸಾಬಣ್ಣಾ. ನಮ್ಮ ಭಾಷಾದಾಗ ಮುಖವೀರ ಅಂದ್ರ ಮುಖವೀರ."

ಸಾಲಿನ ಮುಂದೆ ಅಮರಮ್ಮ. ಹಿಂದಿನ ಮಧ್ಯಾಹ್ನ ಮಿಂದು, ಮಡಿಯುಟ್ಟು, ಪೊಲೀಸರು ಬರುತ್ತಾರೆಂದು ಕಟ್ಟೆಯ ಮೇಲೆ ಸಣ್ಣ ಗಂಟು ಇಟ್ಟುಕೊಂಡು ಹೊತ್ತು ಮುಳುಗುವವರೆಗೆ ಕೂತವಳು. ಯಾರೂ ಬಂದಿರಲಿಲ್ಲ. ಈಗ ಕಂಬಿಯಾಚೆ ಊದಿಕೊಂಡ ಮುಖವನ್ನು ನೋಡಿದಳು.

"ಕೊಟ್ಟ ಭಿಕ್ಷಾ ಎಲ್ಲಿ ಹಾಕಿದ್ರಿ, ಅಯ್ಯನೋರ?"

"ಉಂಡೆ, ತಾಯಿ. ಅದು ಬ್ಯಾರೆಯವರಿಗೆ ಹಂಚೋ ಭಿಕ್ಷಾ ಅಲ್ಲ."

ಅಮರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಠಾಣೆಯೆಲ್ಲ ಕೇಳುವಂತೆ ಕೂಗಿದಳು: "ಮುಖವೀರಯ್ಯನೋರ, ಜೋಳಿಗಿ ಹಿಡೀರಿ!"

ಊರವರು ಆ ಹೆಸರನ್ನು ನಗಲಿಕ್ಕಲ್ಲದೆ ಕರೆದದ್ದು ಅದೇ ಮೊದಲು. ಕರಿಬಸಯ್ಯ ಕಂಬಿಗಳ ನಡುವಿನಿಂದ ಜೋಳಿಗೆಯ ಬಾಯನ್ನು ಹೊರಗೆ ಚಾಚಿದ. ರೊಟ್ಟಿಗಳು ಬೀಳುತ್ತಲೇ ಹೋದವು. ತೋಳು ಸೋತು ನಡುಗಿದರೂ, ಸಾಲಿನ ಕೊನೆಯಾಕೆ ಹಾಕುವವರೆಗೆ ಆತ ಜೋಳಿಗೆ ಇಳಿಸಲಿಲ್ಲ.